ದ್ರಾಕ್ಷಿ ಸೀಮೆ, ನದಿಯ ಕಣಿವೆ, ಎರಡು ಗಾಲಿ: ದಾವಣಗೆರೆಯಿಂದ ಹೊರಡುವವರು ಯಾವ ದಾರಿ ಹಿಡಿಯಬೇಕು?

ಭಾನುವಾರ ಬೆಳಿಗ್ಗೆ ಹರಿಹರದ ತುಂಗಭದ್ರಾ ಸೇತುವೆಯವರೆಗೆ ತುಳಿದು ಹಿಂದಿರುಗಿ ಬೆಣ್ಣೆ ದೋಸೆಯ ಮುಂದೆ ಕುಳಿತಾಗ, ದಾವಣಗೆರೆಯ ನಮ್ಮ ಸೈಕಲ್ ಗುಂಪಿನಲ್ಲಿ ಈಚೆಗೆ ಒಂದೇ ಚರ್ಚೆ ಏಳುತ್ತದೆ. ವರ್ಷಕ್ಕೊಮ್ಮೆ ಕೂಡಿಬರುವ ಹತ್ತು ಹನ್ನೆರಡು ದಿನಗಳ ರಜೆಯನ್ನು ದ್ರಾಕ್ಷಿ ತೋಟಗಳ ನಡುವೆ, ನದಿಯ ಕಣಿವೆಯ ಗುಂಟ ಸೈಕಲ್ಲಿನಲ್ಲಿ ಕಳೆಯಬೇಕೆಂಬ ಆಸೆ ಎಲ್ಲರಿಗೂ ಇದೆ. ಆದರೆ ಒಬ್ಬರು ಆಸ್ಟ್ರಿಯಾದ ಡ್ಯಾನ್ಯೂಬ್ ಎನ್ನುತ್ತಾರೆ, ಇನ್ನೊಬ್ಬರು ಜರ್ಮನಿಯ ಮೋಸೆಲ್ ಎನ್ನುತ್ತಾರೆ, ಚಿತ್ರಗಳನ್ನು ನೋಡಿ ಮರುಳಾದವರು ಫ್ರಾನ್ಸಿನ ಆರ್ದೆಶ್ ಎಂದು ಹಟ ಹಿಡಿಯುತ್ತಾರೆ, ಬ್ಯಾಂಕಿನ ಪಾಸ್‌ಬುಕ್ ನೋಡಿಕೊಂಡವರು ನಂದಿಯೋ ನಾಸಿಕವೋ ಸಾಕಲ್ಲವೇ ಎಂದು ಕೇಳುತ್ತಾರೆ. ಇವುಗಳಲ್ಲಿ ಕೆಲವನ್ನು ತುಳಿದು ನೋಡಿದವನಾಗಿ, ಪ್ರತಿಯೊಂದನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇನೆ.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ರಸ್ತೆ ಕಣಿವೆಯ ತಳದಲ್ಲಿದೆಯೋ ಅಥವಾ ಅಂಚಿನ ಮೇಲಿದೆಯೋ ಎಂಬುದು. ನಮ್ಮ ಸೀಮೆಯವರಿಗೆ ಕಣಿವೆ ಎಂದೊಡನೆ ನೆನಪಾಗುವುದು ಹಿರಿಯೂರು ತಾಲ್ಲೂಕಿನ ಮಾರಿಕಣಿವೆ. ವೇದಾವತಿ ನದಿ ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ನುಸುಳುವ ಆ ಜಾಗಕ್ಕೆ ಅಡ್ಡಲಾಗಿ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಟ್ಟೆ ನಿಂತಿದೆ. ಕಟ್ಟೆಯ ಬುಡದವರೆಗೆ ಸೈಕಲ್ಲಿನಲ್ಲಿ ಹೋಗಲು ಯಾರೂ ಏದುಸಿರು ಬಿಡಬೇಕಿಲ್ಲ. ಅದೇ ನೀರನ್ನು ಪಕ್ಕದ ಗುಡ್ಡದ ನೆತ್ತಿಯಿಂದ ನೋಡಬೇಕೆಂದರೆ ಮೊಣಕಾಲು ಬೇರೆಯೇ ಲೆಕ್ಕ ಕೇಳುತ್ತದೆ. ಪ್ರಪಂಚದ ನದಿ ಕಣಿವೆಗಳೆಲ್ಲ ಸೈಕಲ್ ಸವಾರನ ಪಾಲಿಗೆ ಹೀಗೆ ಎರಡು ಬಗೆಯವು. ನದಿಯ ಜೊತೆ ಹರಿಯುವ ರಸ್ತೆ ಸಮತಟ್ಟಾಗಿರುತ್ತದೆ, ದ್ರಾಕ್ಷಿ ತೋಟಗಳನ್ನು ತಲೆಯೆತ್ತಿ ನೋಡಬೇಕಾಗುತ್ತದೆ. ಅಂಚಿನ ರಸ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಅದಕ್ಕೆ ಪ್ರತಿಯಾಗಿ ನದಿಯನ್ನು ಹದ್ದಿನ ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಪುಸ್ತಿಕೆಗಳಲ್ಲಿ ಎರಡರ ಚಿತ್ರಗಳೂ ಒಂದೇ ಬಗೆಯಲ್ಲಿ ಸುಂದರವಾಗಿರುವುದರಿಂದ ಮೋಸಹೋಗುವುದು ಇಲ್ಲಿಯೇ.

ಎರಡನೆಯದು ಗಾಳಿ ಮತ್ತು ಬಿಸಿಲು. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ತಿರುಗುವುದನ್ನು ನೋಡಿದವರಿಗೆ ಎದುರುಗಾಳಿಯ ವಿಷಯದಲ್ಲಿ ಪಾಠ ಬೇಕಿಲ್ಲ. ಮೂರನೆಯದು ಕೈಲಾಗದಾಗ ಹತ್ತಬಹುದಾದ ರೈಲೋ ದೋಣಿಯೋ ಹತ್ತಿರವಿದೆಯೇ ಎಂಬುದು; ಗುಂಪಿನಲ್ಲಿ ಐವತ್ತು ದಾಟಿದವರೋ ಮಕ್ಕಳೋ ಇದ್ದರೆ ಇದನ್ನೇ ಮೊದಲು ನೋಡಬೇಕು. ನಾಲ್ಕನೆಯದು ನಮ್ಮ ರಜೆಯ ಕಾಲ. ಶಾಲೆ ಕಾಲೇಜುಗಳ ನಂಟಿರುವವರಿಗೆ ಏಪ್ರಿಲ್–ಮೇ ಮತ್ತು ದಸರಾ ಬಿಟ್ಟರೆ ಬೇರೆ ಬಿಡುವಿಲ್ಲ, ದ್ರಾಕ್ಷಿಯ ಬಳ್ಳಿಯಾದರೋ ನಮ್ಮ ಪಂಚಾಂಗವನ್ನು ಕೇಳಿ ಹಣ್ಣು ಬಿಡುವುದಿಲ್ಲ. ಕೊನೆಯದು ಹಣ. ಅದನ್ನು ಕೊನೆಗಿಟ್ಟಿದ್ದು ಮುಖ್ಯವಲ್ಲವೆಂದಲ್ಲ, ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಹಣದ ಲೆಕ್ಕ ತಾನಾಗಿಯೇ ಸರಳವಾಗುತ್ತದೆಂದು.

ಡ್ಯಾನ್ಯೂಬ್ ದಂಡೆಯ ವಾಖಾವ್

ಜರ್ಮನಿಯ ಪಸಾವ್ ಊರಿನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ಗುಂಟ ಸುಮಾರು 320 ಕಿಲೋಮೀಟರ್ ಉದ್ದದ ಸೈಕಲ್ ಹಾದಿಯಿದೆ. ಆರೆಂಟು ದಿನಗಳಲ್ಲಿ ಮುಗಿಸಬಹುದಾದ ಈ ಹಾದಿಯಲ್ಲಿ ನದಿ ಒಮ್ಮೆ ಶ್ಲೋಗೆನ್ ಎಂಬಲ್ಲಿ ಕಾಡುಬೆಟ್ಟಗಳ ನಡುವೆ ಹಾವಿನಂತೆ ಹಿಂದಕ್ಕೆ ತಿರುಗುತ್ತದೆ, ಮತ್ತೊಮ್ಮೆ ಮೆಲ್ಕ್ ಮತ್ತು ಕ್ರೆಮ್ಸ್ ಊರುಗಳ ನಡುವೆ ಸುಮಾರು 36 ಕಿಲೋಮೀಟರ್ ಉದ್ದಕ್ಕೆ ದ್ರಾಕ್ಷಿ ತೋಟಗಳ ಕಣಿವೆಯೊಳಗೆ ಹೊಗುತ್ತದೆ. ಈ ಎರಡನೆಯ ತುಂಡೇ ವಾಖಾವ್. 2000ದಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಳಿಜಾರಿನಲ್ಲಿ ಮಣ್ಣು ಜಾರದಂತೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಮೆಟ್ಟಿಲು ತೋಟಗಳಿವು. ನಮ್ಮ ಹೊಲಗಳ ಒಡ್ಡುಗಳನ್ನು ಬೆಟ್ಟದ ಮೇಲಕ್ಕೆ ಒಂದರ ಮೇಲೊಂದರಂತೆ ಜೋಡಿಸಿದರೆ ಹೇಗಿದ್ದೀತೋ ಹಾಗೆ ಕಾಣುತ್ತವೆ.

ಮೊದಲ ಅಳತೆಗೋಲಿನಲ್ಲಿ ವಾಖಾವ್‌ಗೆ ಪೂರ್ತಿ ಅಂಕ ಕೊಡಬೇಕು. ಹಾದಿ ನದಿಯ ಮಟ್ಟದಲ್ಲಿಯೇ ಇದೆ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಪಸಾವ್‌ನಿಂದ ವಿಯೆನ್ನಾದ ಕಡೆಗೆ ಹೊರಟವರ ಬೆನ್ನಿಗೆ ಗಾಳಿ, ನದಿಯ ಹರಿವೂ ಅದೇ ದಿಕ್ಕಿಗೆ. ಉತ್ತರ ದಂಡೆಯಲ್ಲಿ ಸ್ಪಿಟ್ಸ್, ವೈಸೆನ್‌ಕಿರ್ಷೆನ್, ಡ್ಯೂರ್ನ್‌ಸ್ಟೈನ್ ಎಂಬ ಚೆಲುವಾದ ಹಳ್ಳಿಗಳಿದ್ದು ಜನಸಂದಣಿಯೂ ಅಲ್ಲಿಯೇ ಹೆಚ್ಚು. ದಕ್ಷಿಣ ದಂಡೆ ಶಾಂತವಾಗಿದೆ, ಅಲ್ಲಿಂದ ಎದುರು ದಂಡೆಯ ತೋಟಗಳು ಇಡಿಯಾಗಿ ಕಾಣುತ್ತವೆ. ನಾನಾದರೆ ದಕ್ಷಿಣ ದಂಡೆಯಲ್ಲಿ ತುಳಿದು, ಬೇಕೆನಿಸಿದಲ್ಲಿ ದಾಟುತ್ತೇನೆ. ದಾಟುವುದೇ ಒಂದು ಸೊಗಸು. ಸ್ಪಿಟ್ಸ್‌ನ ದೋಣಿಗೆ ಎಂಜಿನ್ನಿನ ಹಂಗಿಲ್ಲ. ನದಿಯ ಅಡ್ಡಲಾಗಿ ಮೇಲೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ತೊಡಕಿಸಿದ್ದಾರೆ; ಅಂಬಿಗ ದೋಣಿಯನ್ನು ಪ್ರವಾಹಕ್ಕೆ ಸ್ವಲ್ಪ ಓರೆ ಮಾಡುತ್ತಾನೆ, ನೀರಿನ ನೂಕಿಗೆ ಅದು ಸದ್ದಿಲ್ಲದೆ ಆಚೆ ದಂಡೆಗೆ ಜಾರುತ್ತದೆ. ಸೈಕಲ್ಲನ್ನು ಕಟಾಂಜನಕ್ಕೆ ಒರಗಿಸಿ ನಿಂತಾಗ ಕೇಳಿದ್ದು ಹಲಗೆಯ ಕೆಳಗೆ ನೀರು ತಟ್ಟುವ ಸದ್ದು, ತಲೆಯ ಮೇಲೆ ರಾಟೆ ಉರುಳುವ ಕಿರುಗುಟ್ಟುವಿಕೆ, ಇವೆರಡೇ.

ಹಳ್ಳಿಗಳಲ್ಲಿ ದ್ರಾಕ್ಷಿ ಬೆಳೆಗಾರರೇ ತಮ್ಮ ಅಂಗಳದಲ್ಲಿ ವೈನ್ ಮತ್ತು ತಣ್ಣನೆಯ ತಿನಿಸು ಮಾರುವ ಹೊಯ್‌ರಿಗರ್ ಎಂಬ ಪದ್ಧತಿಯಿದೆ. ಇವು ವರ್ಷವಿಡೀ ತೆರೆದಿರುವುದಿಲ್ಲ. ಸರದಿಯ ಮೇಲೆ ಕೆಲವು ವಾರ ತೆರೆಯುತ್ತವೆ, ತೆರೆದಿರುವ ಮನೆಯ ಬಾಗಿಲಿಗೆ ಹಸಿರು ಸೊಪ್ಪಿನ ಕಟ್ಟು ತೂಗುತ್ತದೆ. ನಮ್ಮ ತೋರಣವನ್ನು ಹೋಲುವ ಆ ಗುರುತನ್ನು ನೋಡಿಯೇ ಒಳಗೆ ಹೋಗಬೇಕು. ವೈನ್ ಮುಟ್ಟದವರಿಗೆ ಇಲ್ಲಿ ಏನೂ ಕಡಿಮೆಯಾಗುವುದಿಲ್ಲ, ಏಕೆಂದರೆ ಈ ಕಣಿವೆ ದ್ರಾಕ್ಷಿಗಿರುವಷ್ಟೇ ಏಪ್ರಿಕಾಟ್ ಹಣ್ಣಿಗೂ ಹೆಸರಾಗಿದೆ. ಹಿಟ್ಟಿನ ಕಣಕದೊಳಗೆ ಇಡೀ ಏಪ್ರಿಕಾಟ್ ಇಟ್ಟು ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕೊಡುವ ತಿನಿಸು ನಮ್ಮ ಕಡುಬಿಗೆ ದೂರದ ನೆಂಟ. ಸಸ್ಯಾಹಾರಿಗಳು ಎರಡು ಮೂರು ದಿನ ಅದರಲ್ಲಿ, ಬ್ರೆಡ್ಡು ಚೀಸಿನಲ್ಲಿ ಕಾಲ ಹಾಕಬಹುದು. ನಾಲ್ಕನೆಯ ದಿನ ಬ್ಯಾಗಿನಲ್ಲಿಟ್ಟ ಚಟ್ನಿಪುಡಿ ನೆನಪಾಗುತ್ತದೆ.

ಕಾಲದ ಪ್ರಶ್ನೆಯಲ್ಲಿ ಮಾತ್ರ ಎಚ್ಚರ ಬೇಕು. ಏಪ್ರಿಕಾಟ್ ಹೂ ಬಿಡುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದಲ್ಲಿ. ನಮ್ಮ ಪರೀಕ್ಷೆಗಳು ಮುಗಿದು ಹೊರಡುವ ಹೊತ್ತಿಗೆ ಹೂವು ಉದುರಿರುತ್ತದೆ, ದ್ರಾಕ್ಷಿ ಬಳ್ಳಿ ಆಗ ತಾನೇ ಚಿಗುರುತ್ತಿರುತ್ತದೆ. ದಸರಾ ರಜೆಯಾದರೆ ಕೊಯ್ಲಿನ ಕಾಲ, ಎಲೆ ಹಳದಿಗೆ ತಿರುಗುವ ಕಾಲ. ರಜೆ ಕಡಿಮೆಯಿರುವವರು ಇಡೀ ಹಾದಿಯ ಆಸೆ ಬಿಟ್ಟು, ವಿಯೆನ್ನಾದಿಂದ ರೈಲಿನಲ್ಲಿ ಮೆಲ್ಕ್‌ಗೆ ಹೋಗಿ ಕ್ರೆಮ್ಸ್‌ವರೆಗೆ ಎರಡು ದಿನ ನಿಧಾನವಾಗಿ ತುಳಿದು ರೈಲಿನಲ್ಲಿಯೇ ಹಿಂದಿರುಗಬಹುದು.

ಮೋಸೆಲ್

ಮೋಸೆಲ್ ಕೂಡ ತಳದ ರಸ್ತೆಯೇ. ಟ್ರಿಯರ್‌ನಿಂದ ಕೋಬ್ಲೆನ್ಸ್‌ವರೆಗೆ ಸುಮಾರು 200 ಕಿಲೋಮೀಟರ್ ಸೈಕಲ್ ಹಾದಿ ನದಿಯನ್ನು ಬಿಟ್ಟು ಹೋಗುವುದಿಲ್ಲ. ಆದರೆ ವಾಖಾವ್‌ನಲ್ಲಿ ದ್ರಾಕ್ಷಿಯ ಕಣಿವೆ ಒಂದು ದಿನದ ಸವಾರಿಗೆ ಮುಗಿಯುತ್ತದೆ, ಇಲ್ಲಿ ಐದು ದಿನವೂ ಎರಡು ಮಗ್ಗುಲಲ್ಲಿ ದ್ರಾಕ್ಷಿಯೇ. ದ್ರಾಕ್ಷಿಗಾಗಿಯೇ ಹೋಗುವವರು ಇದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬ್ರೆಮ್ ಎಂಬ ಹಳ್ಳಿಯ ಪಕ್ಕದ ಕಾಲ್ಮಾಂಟ್ ಇಳಿಜಾರು ಕೆಲವೆಡೆ 65 ಡಿಗ್ರಿಯಷ್ಟು ಕಡಿದಾಗಿದ್ದು, ಯೂರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟವೆಂದು ಹೆಸರಾಗಿದೆ. ಅಂಥಲ್ಲಿ ಟ್ರ್ಯಾಕ್ಟರಿನ ಮಾತೇ ಇಲ್ಲ, ಒಂಟಿ ಹಳಿಯ ಮೇಲೆ ಹತ್ತುವ ಪುಟ್ಟ ಬಂಡಿಯಲ್ಲಿ ಕೂಲಿಯವರೂ ಬುಟ್ಟಿಗಳೂ ಮೇಲೇರುತ್ತವೆ. ಹಗಲೆಲ್ಲ ಬಿಸಿಲು ಕುಡಿದ ಕರಿಯ ಸ್ಲೇಟು ಕಲ್ಲು ರಾತ್ರಿ ಆ ಕಾವನ್ನು ಬಳ್ಳಿಗೆ ಹಿಂತಿರುಗಿಸುವುದರಿಂದಲೇ ಇಷ್ಟು ಉತ್ತರದ ಚಳಿಯಲ್ಲಿ ರೀಸ್ಲಿಂಗ್ ದ್ರಾಕ್ಷಿ ಮಾಗುತ್ತದೆ. ಸಂಜೆ ತೋಟದ ಗೋಡೆಯ ಮೇಲೆ ಅಂಗೈ ಇಟ್ಟರೆ ಒಲೆಯಿಂದ ಇಳಿಸಿ ಗಳಿಗೆ ಕಳೆದ ಹಂಚಿನಷ್ಟು ಬೆಚ್ಚಗಿರುತ್ತದೆ.

ಮೋಸೆಲ್‌ನ ಕೊರತೆಗಳು ಎರಡು. ನದಿ ಎಷ್ಟು ಬಳಸಿ ಹರಿಯುತ್ತದೆಂದರೆ ದಿನವಿಡೀ ತುಳಿದವರು ಸಂಜೆಗೆ ಗುಡ್ಡದ ಆಚೆ ಮಗ್ಗುಲಿಗಷ್ಟೇ ಬಂದಿರುತ್ತಾರೆ. ಗುರಿ ಮುಟ್ಟುವ ಅವಸರದವರಿಗೆ ಇದು ಸೇರದು. ಎರಡನೆಯದಾಗಿ, ರೈಲು ಮಾರ್ಗ ಈ ಬಳಸುದಾರಿಗೆ ಬೇಸತ್ತಂತೆ ನಡುವಿನ ಭಾಗದಲ್ಲಿ ನದಿಯನ್ನು ಬಿಟ್ಟು ನೇರವಾಗಿ ಹೋಗಿಬಿಡುತ್ತದೆ. ಬೆರ್ನ್‌ಕಾಸ್ಟೆಲ್‌ನಂಥ ಪ್ರಸಿದ್ಧ ಊರಿಗೂ ಈಗ ರೈಲಿಲ್ಲ. ಆಯಾಸವಾದವರು ಸೈಕಲ್ ಹೊರುವ ಬಂಡಿ ಕಟ್ಟಿಕೊಂಡು ಬರುವ ಬಸ್ಸನ್ನು ನೆಚ್ಚಿಕೊಳ್ಳಬೇಕು, ಅದರಲ್ಲಿ ಸೈಕಲ್ಲಿಗೆ ಮೊದಲೇ ಜಾಗ ಕಾಯ್ದಿರಿಸುವುದು ಒಳ್ಳೆಯದು. 1964ರಲ್ಲಿ ಅಣೆಕಟ್ಟುಗಳನ್ನೂ ಹಡಗುಗಳನ್ನು ಮಟ್ಟದಿಂದ ಮಟ್ಟಕ್ಕೆ ಏರಿಳಿಸುವ ಲಾಕುಗಳನ್ನೂ ಕಟ್ಟಿ ಹಡಗಿನ ಸಂಚಾರಕ್ಕೆ ತೆರೆದಂದಿನಿಂದ ನದಿ ಕೆರೆಯಂತೆ ನಿಧಾನವಾಗಿದೆ. ಭೋರ್ಗರೆಯುವ ಹೊಳೆಯನ್ನು ಬಯಸುವವರಿಗೆ ಅದೂ ಒಂದು ಕೊರತೆಯೇ.

ಅನುಕೂಲಗಳ ಮಟ್ಟಿಗೆ ಮೋಸೆಲ್ ಮುಂದಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದ್ದು, ಅಲ್ಲಿಂದ ಕೋಬ್ಲೆನ್ಸ್ ರೈಲಿನಲ್ಲಿ ಎರಡು ಗಂಟೆಗೂ ಕಡಿಮೆ. ‘ಬೆಟ್ ಉಂಟ್ ಬೈಕ್’ ಎಂಬ ಫಲಕವಿರುವ ವಸತಿಗಳಲ್ಲಿ ಸೈಕಲ್ಲಿಗೆ ಬೀಗ ಹಾಕುವ ಕೋಣೆಯಿರುತ್ತದೆ, ಒಂದೇ ರಾತ್ರಿಗೆ ಬಂದವರನ್ನೂ ಸೇರಿಸಿಕೊಳ್ಳುತ್ತಾರೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆಂಬುದು ಜರ್ಮನಿಗೂ ಆಸ್ಟ್ರಿಯಾಕ್ಕೂ ಒಂದೇ; ಶನಿವಾರ ಸಂಜೆಯೇ ಹಣ್ಣು, ನೀರು ಕೊಂಡಿಟ್ಟುಕೊಳ್ಳಬೇಕು.

ಆರ್ದೆಶ್: ಅಂಚಿನ ರಸ್ತೆ

ಕಮರಿಯನ್ನೇ ನೋಡಬೇಕು, ಎದೆ ಝಲ್ಲೆನ್ನಬೇಕು ಎನ್ನುವವರಿಗೆ ಮೇಲಿನ ಎರಡೂ ಸಪ್ಪೆಯೆನಿಸಬಹುದು. ಅಂಥವರಿಗೆ ದಕ್ಷಿಣ ಫ್ರಾನ್ಸಿನ ಆರ್ದೆಶ್ ಇದೆ. ವಾಲೋನ್ ಊರಿನ ಬಳಿ ನದಿಯೇ ಸುಣ್ಣಕಲ್ಲನ್ನು ಕೊರೆದು ಮಾಡಿದ ಸುಮಾರು 54 ಮೀಟರ್ ಎತ್ತರದ ಕಮಾನಿನ ಕೆಳಗೆ ಹರಿದು, ಸುಮಾರು 30 ಕಿಲೋಮೀಟರ್ ಉದ್ದದ ಕಮರಿಯನ್ನು ಹೊಗುತ್ತದೆ. ರಸ್ತೆ ಆ ಕಮರಿಯ ಅಂಚಿನ ಮೇಲೆ ಒಂದು ವೀಕ್ಷಣಾ ಸ್ಥಳದಿಂದ ಇನ್ನೊಂದಕ್ಕೆ ಏರಿಳಿಯುತ್ತ ಸಾಗಿ, ಕೆಳಗಿನ ಹಳ್ಳಿಗಳಲ್ಲಿ ರೋನ್ ನದಿ ಸೀಮೆಯ ದ್ರಾಕ್ಷಿ ತೋಟಗಳಿಗೆ ಬಂದು ಇಳಿಯುತ್ತದೆ. ಒಂದೇ ದಿನದಲ್ಲಿ ಕಮರಿಯೂ ತೋಟವೂ ದಕ್ಕುವ ಇಂಥ ರಸ್ತೆ ಮತ್ತೊಂದು ಸಿಗುವುದು ಕಷ್ಟ. 1994ರಲ್ಲಿ ಪತ್ತೆಯಾದ ಶೋವೆ ಗುಹೆಯ ಆದಿಮಾನವರ ಚಿತ್ರಗಳೂ ಇಲ್ಲಿಯವೇ. ಮೂಲ ಗುಹೆಗೆ ಪ್ರವೇಶವಿಲ್ಲ, 2015ರಲ್ಲಿ ತೆರೆದ ಪ್ರತಿಕೃತಿಯನ್ನು ನೋಡಬಹುದು. ಚಂದ್ರವಳ್ಳಿಯ ಗುಹೆಗಳಲ್ಲಿ ಬೆಳೆದ ನಮಗೆ ಪ್ರತಿಕೃತಿಯೆಂದರೆ ಸ್ವಲ್ಪ ಮುಜುಗರವೆನಿಸಿದರೂ, ಒಳಹೊಕ್ಕ ಮೇಲೆ ಗೋಡೆಯ ಮೇಲೆ ಬರೆದ ಆ ಕುದುರೆಗಳ ಮುಂದೆ ಮಾತು ಹೊರಡುವುದಿಲ್ಲ.

ಇದರ ಬೆಲೆಯನ್ನೂ ಹೇಳಬೇಕು. ಏರುಗಳು ಒಂದರ ಹಿಂದೊಂದು ಬರುತ್ತವೆ, ಅಂಚಿನ ರಸ್ತೆಯಲ್ಲಿ ನೆರಳು ಕಡಿಮೆ, ಜುಲೈ–ಆಗಸ್ಟ್‌ನಲ್ಲಿ ಬಿಸಿಲು ನಮ್ಮ ಏಪ್ರಿಲ್ಲಿಗೆ ಸಮ, ಕಾರುಗಳ ಸಾಲು ಬೇರೆ. ವಾಲೋನ್‌ಗೆ ರೈಲಿಲ್ಲ, ಕಾಲು ಸೋತರೆ ಹತ್ತುವುದಕ್ಕೆ ಏನೂ ಇಲ್ಲ. ರೋನ್ ಕಣಿವೆಯಲ್ಲಿ ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿಗೆ ಎದುರಾಗಿ ತುಳಿಯುವುದು ಶಿಕ್ಷೆಯೇ ಆದ್ದರಿಂದ ಪ್ರವಾಸವನ್ನು ಉತ್ತರದಿಂದ ದಕ್ಷಿಣಕ್ಕೇ ಯೋಜಿಸಬೇಕು. ಒಂದು ಅನುಕೂಲವೆಂದರೆ, ನಮ್ಮ ಬೇಸಿಗೆ ರಜೆಗೆ ಮೂರು ವಿದೇಶಿ ದಾರಿಗಳಲ್ಲಿ ಹೆಚ್ಚು ಹೊಂದುವುದು ಇದೇ. ಮೇ ತಿಂಗಳಲ್ಲಿ ಮೋಸೆಲ್ ಇನ್ನೂ ಚಳಿಯಲ್ಲಿ ಕಣ್ಣುಜ್ಜಿಕೊಳ್ಳುತ್ತಿರುವಾಗ ಆರ್ದೆಶ್ ಹಿತವಾಗಿರುತ್ತದೆ. ಗುಂಪಿನಲ್ಲಿ ಬಲ ಸಮನಾಗಿಲ್ಲದಿದ್ದರೆ, ಬಲವಿದ್ದವರು ಅಂಚಿನ ರಸ್ತೆ ಹಿಡಿದು, ಉಳಿದವರು ರೋನ್ ದಂಡೆಯ ಸಮತಟ್ಟಾದ ವಿಯಾರೋನಾ ಹಾದಿಯಲ್ಲಿ ಸಾಗಿ ಸಂಜೆ ಒಂದೆಡೆ ಸೇರುವುದೂ ಸಾಧ್ಯ.

ಕುಡಿತದ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಸೈಕಲ್ಲಿಗೆ ಕಾನೂನು ಅನ್ವಯಿಸುವುದಿಲ್ಲವೆಂಬ ಭ್ರಮೆ ಅನೇಕರಿಗಿದೆ. ಲೀಟರ್ ರಕ್ತದಲ್ಲಿ ಮದ್ಯಸಾರದ ಮಿತಿ ಸೈಕಲ್ ಸವಾರರಿಗೆ ಫ್ರಾನ್ಸಿನಲ್ಲಿ 0.5 ಗ್ರಾಂ, ಆಸ್ಟ್ರಿಯಾದಲ್ಲಿ 0.8 ಗ್ರಾಂ. ಜರ್ಮನಿಯಲ್ಲಿ ಸೈಕಲ್ಲಿಗೆ ಮಿತಿ 1.6 ಎಂದಿದ್ದರೂ, ತೂರಾಡುತ್ತ ಸಿಕ್ಕಿಬಿದ್ದರೆ ಅದಕ್ಕಿಂತ ಬಹಳ ಕಡಿಮೆಗೂ ಮೊಕದ್ದಮೆಯಾಗುತ್ತದೆ. ರುಚಿ ನೋಡುವುದನ್ನು ಆ ದಿನದ ಸವಾರಿ ಮುಗಿದ ಮೇಲೆ ಇಟ್ಟುಕೊಳ್ಳುವುದೇ ಜಾಣತನ.

ನಮ್ಮ ನೆಲದ ದಾರಿಗಳು

ನಾಸಿಕದ ವಿಷಯವನ್ನು ಬೇಗ ಮುಗಿಸುತ್ತೇನೆ. ಸೂಲಾ ಮೊದಲಾದ ವೈನ್ ತೋಟಗಳು, ಗೋದಾವರಿಗೆ ಕಟ್ಟಿದ ಗಂಗಾಪುರ ಜಲಾಶಯ, ಅಲ್ಲಿಂದ ತ್ರ್ಯಂಬಕೇಶ್ವರ: ಮೂರು ದಿನಕ್ಕೆ ಒಳ್ಳೆಯ ಸುತ್ತು. ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ತೋಟ ಬೇಕು, ರುಚಿ ಬೇಕು, ಕಮರಿ ಇಲ್ಲದಿದ್ದರೂ ನಡೆದೀತು ಎನ್ನುವವರಿಗೆ ಇದು ಸಾಕು. ಕಮರಿ ಬೇಕೆಂದವರು ನಿರಾಶರಾಗುತ್ತಾರೆ.

ನನಗೆ ಇದಕ್ಕಿಂತ ಹಿಡಿಸಿದ್ದು ನಂದಿಯಿಂದ ಗಂಡಿಕೋಟದ ದಾರಿ. ನಂದಿಬೆಟ್ಟದ ಸುತ್ತ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರಗಳಿವೆ, ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಅವರ ವೈನ್ ತೋಟವಿದೆ. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಆಂಧ್ರಕ್ಕೆ ಇಳಿದು ಪೆನ್ನಾ ಎನಿಸಿಕೊಂಡು, ಕಡಪ ಜಿಲ್ಲೆಯ ಗಂಡಿಕೋಟದಲ್ಲಿ ಎರ್ರಮಲ ಬೆಟ್ಟಗಳನ್ನು ಸುಮಾರು 300 ಅಡಿ ಆಳಕ್ಕೆ ಸೀಳಿದೆ. ದ್ರಾಕ್ಷಿಯ ನಾಡಿನಲ್ಲಿ ಹುಟ್ಟಿದ ನದಿಯನ್ನು ಅದರ ಕಮರಿಯವರೆಗೆ ಹಿಂಬಾಲಿಸಿದಂತಾಗುತ್ತದೆ. ಬಾಗೇಪಲ್ಲಿ, ಕದಿರಿ, ಪುಲಿವೆಂದುಲ, ಜಮ್ಮಲಮಡುಗು ಮಾರ್ಗವಾಗಿ ಇನ್ನೂರು ಕಿಲೋಮೀಟರಿಗೂ ಮಿಕ್ಕ ಈ ದಾರಿಗೆ ಮೂರು ದಿನ ಬೇಕು, ನವೆಂಬರಿನಿಂದ ಜನವರಿ ಒಳಗೆ ಹೋಗಬೇಕು. ಮೀಸಲಾದ ಸೈಕಲ್ ಹಾದಿ ಎಂಬುದಿಲ್ಲ. ಲಾರಿಗಳ ಜೊತೆ ಬಾಳಬೇಕು, ನಡುವಿನ ಊರುಗಳ ಲಾಡ್ಜುಗಳಲ್ಲಿ ಸೊಳ್ಳೆಯ ಬತ್ತಿ ಜೊತೆಗಿರಬೇಕು. ಖರ್ಚು ಮಾತ್ರ ಯೂರೋಪಿನ ಎರಡು ರಾತ್ರಿಗಳ ವಸತಿಗೆ ತಗಲುವಷ್ಟರಲ್ಲಿ ಎಲ್ಲವೂ ಮುಗಿಯುತ್ತದೆ.

ಹಣ, ವೀಸಾ, ಸೈಕಲ್ಲು

ಮೂರು ವಿದೇಶಿ ದಾರಿಗಳಿಗೂ ಬೇಕಾದುದು ಒಂದೇ ಷೆಂಗೆನ್ ವೀಸಾ. ವಯಸ್ಕರಿಗೆ ಶುಲ್ಕ 90 ಯೂರೊ, ಸೇವಾ ಕೇಂದ್ರದ ಶುಲ್ಕ ಬೇರೆ, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಮೋಸೆಲ್ ಮತ್ತು ವಾಖಾವ್ ದಂಡೆಯ ಹಳ್ಳಿಗಳಲ್ಲಿ ಇಬ್ಬರ ಕೋಣೆಗೆ, ಬೆಳಗಿನ ತಿಂಡಿ ಸೇರಿ, ಸಾಮಾನ್ಯವಾಗಿ 80ರಿಂದ 120 ಯೂರೊ ಆಗುತ್ತದೆ. ಡೇರೆ ಹೊತ್ತೊಯ್ಯುವವರು ನದಿಯ ದಂಡೆಯ ಕ್ಯಾಂಪಿಂಗ್ ತಾಣಗಳಲ್ಲಿ ಅದರ ಕಾಲುಭಾಗದಲ್ಲಿ ಮುಗಿಸಬಹುದು. ಆ ಹೊರೆಯನ್ನು ಸಮತಟ್ಟಿನ ಮೋಸೆಲ್‌ನಲ್ಲಿ ಎಳೆಯಬಹುದು, ಆರ್ದೆಶ್‌ನ ಏರಿನಲ್ಲಿ ಪ್ರತಿ ಕಿಲೋವೂ ಮಾತಾಡುತ್ತದೆ.

ಸೈಕಲ್ಲನ್ನು ಇಲ್ಲಿಂದಲೇ ಒಯ್ಯಬೇಕೇ ಎಂಬುದಕ್ಕೆ ನನ್ನ ಉತ್ತರ, ವಾರದೊಳಗಿನ ಪ್ರವಾಸವಾದರೆ ಬೇಡ. ನಾನು ಒಮ್ಮೆ ಹಟ ಮಾಡಿ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಒಯ್ದೆ. ಆಚೆ ಬದಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಸರಪಳಿಯನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರನ್ನು ಹಿಡಿದಿಡುವ ಹ್ಯಾಂಗರ್ ಒಳಕ್ಕೆ ಬಾಗಿ, ಸರಪಳಿ ದೊಡ್ಡ ಗೇರಿಗೆ ಏರಿದಾಗಲೆಲ್ಲ ಡಿರೇಲರು ಚಕ್ರದ ಕಡ್ಡಿಗೆ ತಾಗುತ್ತಿತ್ತು. ವಿಮಾನ ಸಂಸ್ಥೆಯವರು ಪೆಟ್ಟಿಗೆಯ ಮೇಲಿನ ಚೀಟಿ ತೋರಿಸಿ ಕೈ ತೊಳೆದುಕೊಂಡರು. ಮೊದಲ ಎರಡು ದಿನ ನಾಲ್ಕೇ ಗೇರುಗಳಲ್ಲಿ ಕಳೆದೆ. ಹಾದಿ ಸಮತಟ್ಟಾಗಿದ್ದುದರಿಂದ ಬಚಾವಾದೆ. ಅಲ್ಲಿಯೇ ಬಾಡಿಗೆಗೆ ಸಿಗುವ ಸಾದಾ ಸೈಕಲ್ಲಿಗೆ ದಿನಕ್ಕೆ 15ರಿಂದ 25 ಯೂರೊ, ಬ್ಯಾಟರಿಯ ಸೈಕಲ್ಲಿಗೆ ಸುಮಾರು ಅದರ ಎರಡರಷ್ಟು. ಬ್ಯಾಟರಿ ಸೈಕಲ್ಲಿನ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನಕ್ಕೆ ಬಿಡುವುದೇ ಇಲ್ಲವಾದ್ದರಿಂದ ಅದನ್ನು ಬಯಸುವವರಿಗೆ ಬಾಡಿಗೆ ಬಿಟ್ಟರೆ ದಾರಿಯಿಲ್ಲ. ಮಂಡಿನೋವಿನ ಹಿರಿಯರು ಆರ್ದೆಶ್‌ನ ಕನಸನ್ನು ಅದರ ಬಲದಿಂದ ನನಸು ಮಾಡಿಕೊಳ್ಳಬಹುದು.

ಇಷ್ಟಾದ ಮೇಲೂ ತಳದ ರಸ್ತೆಯೋ ಅಂಚಿನ ರಸ್ತೆಯೋ ಎಂಬುದು ತೀರ್ಮಾನವಾಗದಿದ್ದರೆ, ಟಿಕೆಟ್ ಕೊಳ್ಳುವ ಮೊದಲು ಎರಡು ದಿನ ಮೀಸಲಿಡಿ. ಮೊದಲ ದಿನ ಪ್ರವಾಸದಷ್ಟೇ ಭಾರದ ಚೀಲಗಳನ್ನು ಕಟ್ಟಿಕೊಂಡು ಚಿತ್ರದುರ್ಗದಿಂದ ಹಿರಿಯೂರಿನ ಮೇಲೆ ಮಾರಿಕಣಿವೆಗೆ ಹೋಗಿ, ಹಿರಿಯೂರಿನಲ್ಲಿ ಉಳಿಯಿರಿ. ಕಟ್ಟೆಗೆ ಹೋಗುವ ದಾರಿಯಲ್ಲಿ ಜಾಲಿ ಮುಳ್ಳಿನ ಬಗ್ಗೆ ಎಚ್ಚರವಿರಲಿ. ಕಳೆದ ಸಲ ನನ್ನ ಮುಂದಿನ ಟೈರಿನಿಂದ ತೆಗೆದ ಮುಳ್ಳು ಹೊರಗೆ ಎಳ್ಳಿನಷ್ಟೇ ಕಾಣುತ್ತಿತ್ತು. ಉಗುರಿನಿಂದ ಹಿಡಿದೆಳೆದಾಗ ಅರ್ಧ ಅಂಗುಲ ಬಂತು, ಹಿಂದೆಯೇ ಗಾಳಿಯ ನಿಟ್ಟುಸಿರು. 1933ರ ನಂತರ 2022ರಲ್ಲಿಯೇ ಮತ್ತೆ ತುಂಬಿದ ಆ ಜಲಾಶಯವನ್ನು ನೋಡಿದ ಮೇಲೆ, ಎರಡನೆಯ ದಿನ ದುರ್ಗಕ್ಕೆ ಹಿಂದಿರುಗಿ, ಚೀಲ ಬಿಚ್ಚದೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಜೋಗಿಮಟ್ಟಿಯನ್ನು ಹತ್ತಿ. ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರದ ಆ ನೆತ್ತಿಯವರೆಗೆ ಇಳಿಯದೆ ತುಳಿದವರು ಆರ್ದೆಶ್‌ಗೆ ಹೋಗಬಹುದು. ನಡುವೆ ಇಳಿದು ತಳ್ಳಿಕೊಂಡು ಹೋದರೂ ನಗುತ್ತಲೇ ಹೋದವರು ಗಂಡಿಕೋಟಕ್ಕೆ ಹೋಗಲಿ. ಮಾರಿಕಣಿವೆಯ ದಿನವೇ ಚೆನ್ನಾಗಿತ್ತು, ಜೋಗಿಮಟ್ಟಿ ಯಾಕಾದರೂ ಬೇಕಿತ್ತು ಎಂದವರು ದಸರಾ ರಜೆಗೆ ಕೋಬ್ಲೆನ್ಸ್ ಅಥವಾ ಮೆಲ್ಕ್‌ನ ರೈಲಿನ ವೇಳಾಪಟ್ಟಿ ತೆರೆದು ಕೂರಬಹುದು.